ತಾಮ್ರ ಕದ್ದು ಜೈಲಿಗೆ ಹೋಗಿ ಬಂದ ಹುಡುಗನಿಗೆ ತಾಮ್ರದ ಅಂಗಡಿಯಲ್ಲೇ ಕೆಲಸ ಕೊಡಬಹುದೇ?

ರಿವೈಂಡಿಂಗ್ ಅಂಗಡಿ, ಇಂಡಿ

ಎಲ್ಲರಿಗೂ ನಮಸ್ಕಾರ. ಇಂಡಿಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ, ಹತ್ತೊಂಬತ್ತು ವರ್ಷದ್ದು. ಒಂದು ವಿಷಯದಲ್ಲಿ ತೀರ್ಮಾನಕ್ಕೆ ಬರಲಾಗದೆ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಓಣಿಯ ಹುಡುಗನೊಬ್ಬ, ಇಪ್ಪತ್ತೆರಡು ವರ್ಷದವನು, 2024ರ ಫೆಬ್ರುವರಿಯಲ್ಲಿ ರೈತರೊಬ್ಬರ ಬೋರ್‌ವೆಲ್ ಕೇಬಲ್ ಕದ್ದು ಸಿಕ್ಕಿಬಿದ್ದ. ಹಳ್ಳದ ದಂಡೆಯಲ್ಲಿ ಕೇಬಲ್ ಸುಟ್ಟು, ಮೇಲಿನ ಹೊದಿಕೆ ಕರಗಿಸಿ, ಒಳಗಿನ ತಾಮ್ರವನ್ನು ಗುಜರಿಗೆ ಹಾಕಿದ್ದ. ಕೈಗೆ ಬಂದದ್ದು ಮೂರು ಸಾವಿರದ ಇನ್ನೂರು ರೂಪಾಯಿ, ಅದರಲ್ಲೂ ಜೊತೆಗಾರನಿಗೆ ಅರ್ಧ. ಜಾಮೀನು ಮಂಜೂರಾಗಿತ್ತು. ಆದರೆ ಜಮೀನಿನ ಉತಾರ (ಪಹಣಿ) ಹಿಡಿದು ಬಂದು ಜಾಮೀನು ನಿಲ್ಲುವವರು ಯಾರೂ ಇರಲಿಲ್ಲ. ತಾಯಿ ಕೂಲಿಗೆ ಹೋಗುವವಳು, ಅವಳ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ. ಹನ್ನೊಂದು ತಿಂಗಳು ಒಳಗಿದ್ದು ಕೊನೆಗೆ ತಪ್ಪೊಪ್ಪಿಕೊಂಡ. ಒಳಗಿದ್ದಷ್ಟು ದಿನವನ್ನೇ ಶಿಕ್ಷೆಗೆ ವಜಾ ಹಿಡಿದು ನ್ಯಾಯಾಲಯ ಬಿಟ್ಟಿತು.

ಹೊರಬಂದು ನಾಲ್ಕು ತಿಂಗಳಾಯಿತು. ಯಾರೂ ಕೆಲಸಕ್ಕೆ ಕರೆಯುತ್ತಿಲ್ಲ. ಕಳೆದ ಸೋಮವಾರ ಅವನ ತಾಯಿ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಬಂದು ಕುಳಿತಳು. ಏನನ್ನೂ ಕೇಳಲಿಲ್ಲ. ಗಿರಾಕಿಗಳೆಲ್ಲ ಹೋಗುವವರೆಗೆ ಕಾದು, "ಅಣ್ಣಾ, ಕೈಕೆಲಸ ಕಲಿಸುತ್ತೀಯಾ" ಎಂದಳು, ಅಷ್ಟೇ.

ನನ್ನ ಕಷ್ಟ ಏನೆಂದರೆ, ನನ್ನ ಅಂಗಡಿಯೇ ತಾಮ್ರ. ಸುಟ್ಟ ಮೋಟಾರು ಬಂದರೆ ಹಳೆಯ ಸುತ್ತನ್ನು ಉಳಿಯಿಂದ ಕತ್ತರಿಸಿ ಎಳೆಯುತ್ತೇವೆ. ಆ ಹಳೆಯ ತಾಮ್ರ ಗಿರಾಕಿಯ ಸ್ವತ್ತು. ತೂಕ ಹಾಕಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆದು ಹಣ ತೆಗೆದುಕೊಳ್ಳಬೇಕು. ಎಷ್ಟೋ ರೈತರು ತೂಕ ನೋಡುವುದೂ ಇಲ್ಲ, ನನ್ನ ಮಾತಿನ ಮೇಲೆ ನಡೆಯುತ್ತದೆ. ಆ ನಂಬಿಕೆ ಹೋದರೆ ನನಗೆ ಉಳಿಯುವುದು ನಾಲ್ಕು ಸ್ಪ್ಯಾನರ್ ಮಾತ್ರ. ಇಬ್ಬರು ಗಿರಾಕಿಗಳು ಈಗಲೇ ಹೇಳಿದ್ದಾರೆ: ಅವನು ಬಂದರೆ ನಾವು ಬರುವುದಿಲ್ಲ.

ಹುಡುಗನನ್ನು ಒಮ್ಮೆ ಕರೆದು ಯಾಕೆ ಮಾಡಿದೆ ಎಂದು ಕೇಳಿದೆ. "ಅವರಿಗೆ ಹದಿನೈದು ಎಕರೆ ಇದೆ ಕಾಕಾ, ಒಂದು ಕೇಬಲ್ ಹೋದರೆ ಅವರಿಗೇನು ಎಂದುಕೊಂಡಿದ್ದೆ" ಎಂದ. ಆ ಮಾತು ನನ್ನನ್ನು ಬಿಡುತ್ತಿಲ್ಲ. ಓದಿದವರು ಹೇಳಿ: ಮನುಷ್ಯ ಕಳ್ಳನಾಗುವುದು ಹೇಗೆ? ಶಿಕ್ಷೆ ಮುಗಿಯಿತು ಎನ್ನುವುದು ಯಾವಾಗ?

ಲಿಂಬೆ ತೋಟ

ಅಣ್ಣನವರೇ, ಕೊಡಬೇಡಿ.

ನಾನೂ ಇಂಡಿ ತಾಲ್ಲೂಕಿನವಳೇ. ನಮ್ಮದು ಎರಡೂವರೆ ಎಕರೆ ಲಿಂಬೆ. ಮೂರು ವರ್ಷದಲ್ಲಿ ಎರಡು ಸಲ ಕೇಬಲ್ ಕದ್ದಿದ್ದಾರೆ, ಕದ್ದವರು ಸಿಕ್ಕಿಲ್ಲ. ಎರಡನೇ ಸಲ ಏಪ್ರಿಲ್ ತಿಂಗಳು. ಹೊಸ ಕೇಬಲ್ಲಿಗೆ ಹದಿನಾಲ್ಕು ಸಾವಿರ ಹೊಂದಿಸುವಷ್ಟರಲ್ಲಿ ಎಂಟು ದಿನ ಹೋಯಿತು. ಗೋಲಿಯಷ್ಟಾಗಿದ್ದ ಕಾಯಿ ಹಳದಿ ತಿರುಗಿ ಉದುರಿತು. ಬೆಳಿಗ್ಗೆ ಗಿಡದ ಬುಡದಲ್ಲಿ ನಡೆದರೆ ಕಾಲ ಕೆಳಗೆ ಕಾಯಿಯ ಸಪ್ಪಳ. ಮೂರು ಸಾವಿರದ ಇನ್ನೂರಕ್ಕೆ ಅವನು ಮಾರಿದ್ದು ಕೇಬಲ್ಲಿನ ಬೆಲೆ. ನನ್ನ ಫಸಲಿನ ಬೆಲೆ ಯಾವ ಪೊಲೀಸ್ ಕಾಗದದಲ್ಲೂ ಬರಲಿಲ್ಲ.

ಬಡತನ ಎಂದು ಯಾರೂ ಬರೆಯಬೇಡಿ. ನಾನೂ ಬಡವಳೇ.

ಗಾಂಧಿ ಚೌಕ, ವಿಜಯಪುರ

ಅಕ್ಕನವರ ಮಾತು ಸರಿ. ಅಂಗಡಿ ಹಾಳಾದರೆ ಆ ಹುಡುಗನಿಗೂ ಕೆಲಸವಿಲ್ಲ, ನಿಮಗೂ ಇಲ್ಲ.

ಮಾಸ್ತರ, ಜಮಖಂಡಿ

ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಸಮಾಜಶಾಸ್ತ್ರ ಕಲಿಸಿ ನಿವೃತ್ತನಾಗಿದ್ದೇನೆ. ಅಂಗಡಿಯವರ ಪ್ರಶ್ನೆಗೆ ನನ್ನ ವಿಷಯ ಏನು ಹೇಳುತ್ತದೆ ಎಂಬುದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಲಿಂಬೆ ತೋಟದ ತಾಯಿಯವರು ಕೊನೆಯವರೆಗೆ ಓದಬೇಕೆಂದು ವಿನಂತಿ, ಏಕೆಂದರೆ ಅವರ ಕೊನೆಯ ಸಾಲೇ ಈ ಶಾಸ್ತ್ರದ ಅತಿ ದೊಡ್ಡ ಪ್ರಶ್ನೆ.

ಮೊದಮೊದಲು ಕಳ್ಳತನವನ್ನು ರಕ್ತದಲ್ಲಿ ಹುಡುಕಿದರು. ಇಟಲಿಯ ವೈದ್ಯ ಲೊಂಬ್ರೋಸೊ 1876ರಲ್ಲಿ, ಅಪರಾಧಿಗಳು ಹುಟ್ಟಿನಿಂದಲೇ ಬೇರೆ ಜಾತಿಯ ಮನುಷ್ಯರು, ತಲೆಬುರುಡೆ, ದವಡೆ, ಕಿವಿ ನೋಡಿಯೇ ಗುರುತಿಸಬಹುದು ಎಂದ. ಅದು ಸುಳ್ಳೆಂದು ತೀರ್ಮಾನವಾಗಿ ನೂರು ವರ್ಷ ಮೀರಿದೆ. ಆದರೂ "ಅವನ ಮುಖ ನೋಡಿದರೇ ಗೊತ್ತಾಗುತ್ತದೆ" ಎಂಬ ಮಾತು ನಮ್ಮ ಬಾಯಿಂದ ಹೋಗಿಲ್ಲ.

1938ರಲ್ಲಿ ಅಮೆರಿಕದ ರಾಬರ್ಟ್ ಮರ್ಟನ್ ಬೇರೆ ದಾರಿ ಹಿಡಿದ. ಸಮಾಜ ಎಲ್ಲರ ಮುಂದೆಯೂ ಒಂದೇ ಗುರಿ ಇಡುತ್ತದೆ, ಗುರಿ ಮುಟ್ಟುವ ದಾರಿಯನ್ನು ಮಾತ್ರ ಕೆಲವರಿಗೇ ತೆರೆಯುತ್ತದೆ ಎಂದ. ಗುರಿಯೂ ಒಪ್ಪಿಗೆ, ದಾರಿಯೂ ಒಪ್ಪಿಗೆ ಎಂದು ನಡೆಯುವವರೇ ಹೆಚ್ಚು. ಕೆಲವರು ಗುರಿ ಇಟ್ಟುಕೊಂಡು ದಾರಿ ಬದಲಿಸುತ್ತಾರೆ, ಕಳ್ಳತನ ಬರುವುದು ಅಲ್ಲಿ. ಕೆಲವರು ಗುರಿಯನ್ನು ಮರೆತು ನಿಯಮವನ್ನಷ್ಟೇ ಹಿಡಿದು ಕೂರುತ್ತಾರೆ. ಕೆಲವರು ಎರಡನ್ನೂ ಬಿಟ್ಟು ಕುಡಿತಕ್ಕೆ ಬೀಳುತ್ತಾರೆ. ಇನ್ನು ಕೆಲವರು ಎರಡನ್ನೂ ಕಿತ್ತು ಹೊಸದನ್ನು ಕಟ್ಟುತ್ತೇವೆ ಎನ್ನುತ್ತಾರೆ. ನಮ್ಮ ಹಳ್ಳಿಯ ಹುಡುಗರ ಕೈಯಲ್ಲಿ ಮೊಬೈಲಿದೆ, ಅದರಲ್ಲಿ ಬೈಕು, ಬೂಟು, ಬೆಂಗಳೂರಿನ ಬದುಕು ದಿನವಿಡೀ ಹರಿಯುತ್ತದೆ. ದಾರಿ ಎಲ್ಲಿದೆ? ಗೋವಾಕ್ಕೋ ಪುಣೆಗೋ ಗಾರೆ ಕೆಲಸಕ್ಕೆ ಹೋಗುವ ಬಸ್ಸೇ ದಾರಿ.

ಎಡ್ವಿನ್ ಸದರ್‌ಲ್ಯಾಂಡ್ ಕೇಳಿದ್ದು ಇನ್ನೂ ಸರಳ ಪ್ರಶ್ನೆ: ಕದಿಯುವುದನ್ನು ಯಾರು ಕಲಿಸಿದರು? ಅಪರಾಧವೂ ಕಲಿಕೆಯೇ, ಹತ್ತಿರದವರ ಒಡನಾಟದಲ್ಲೇ ಅದನ್ನು ಕಲಿಯುತ್ತಾರೆ ಎಂಬುದು ಅವನ ಮಾತು. ಕೈಚಳಕದ ಜೊತೆಗೆ ಅದಕ್ಕೆ ಬೇಕಾದ ನೆಪವನ್ನೂ ಕಲಿಯುತ್ತಾರೆ. ಅಂಗಡಿಯವರೇ, ಕೇಬಲ್ಲನ್ನು ಹಳ್ಳದ ದಂಡೆಯಲ್ಲಿ ಗಾಳಿ ನೋಡಿ ಸುಡಬೇಕೆಂದು ಆ ಹುಡುಗನಿಗೆ ಹೇಳಿಕೊಟ್ಟವರು ಯಾರು? ಪ್ರಶ್ನೆ ಕೇಳದೆ ತಾಮ್ರ ಕೊಳ್ಳುವ ಗುಜರಿಯವನು ಯಾರೆಂದು ತೋರಿಸಿದವರು ಯಾರು? ಗುಜರಿಯವನ ಮೇಲೆ ಪ್ರಕರಣ ದಾಖಲಾಯಿತೇ?

ರಿವೈಂಡಿಂಗ್ ಅಂಗಡಿ, ಇಂಡಿ

ಇಲ್ಲ ಮಾಸ್ತರರೇ. ಗುಜರಿಯವನನ್ನು ಸಾಕ್ಷಿ ಮಾಡಿಕೊಂಡರು. ಸುಡುವುದನ್ನು ಕಲಿಸಿದವನು ಜೊತೆಗಾರನೇ, ಇವನಿಗಿಂತ ಒಂಬತ್ತು ವರ್ಷ ದೊಡ್ಡವನು. ಅವನಿಗೆ ಅಣ್ಣನ ಉತಾರವಿತ್ತು, ಇಪ್ಪತ್ತು ದಿನಕ್ಕೆ ಹೊರಬಂದ.

ಲಿಂಬೆ ತೋಟ

ಮಾಸ್ತರರೇ, ಪೂರ್ತಿ ಓದಿದೆ. ಆದರೆ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ನನ್ನ ಇಬ್ಬರು ಗಂಡುಮಕ್ಕಳ ಕೈಯಲ್ಲೂ ಅದೇ ಮೊಬೈಲಿದೆ, ಅದೇ ಬೈಕು ಕಾಣುತ್ತದೆ. ಅವರ ಶಾಲೆಯಲ್ಲೂ ಕೆಟ್ಟ ಹುಡುಗರಿದ್ದರು. ಅವರು ಯಾರ ಹೊಲದ ಕೇಬಲ್ಲಿಗೂ ಕೈ ಹಾಕಲಿಲ್ಲ. ಕಾರಣ ಹೇಳಿ.

ಮಾಸ್ತರ, ಜಮಖಂಡಿ

ತಾಯೀ, ಇದನ್ನೇ ಟ್ರಾವಿಸ್ ಹರ್ಷಿ 1969ರಲ್ಲಿ ಕೇಳಿದ. ಕೆಲವರು ಏಕೆ ಕದಿಯುತ್ತಾರೆ ಎಂದು ಎಲ್ಲರೂ ಕೇಳುತ್ತೀರಿ, ಉಳಿದವರು ಏಕೆ ಕದಿಯುವುದಿಲ್ಲ ಎಂದು ಕೇಳಿ ಎಂದ. ಅವನ ಉತ್ತರ: ಕಟ್ಟುಗಳು. ತಂದೆತಾಯಿ, ಗುರುಗಳ ಮೇಲಿನ ಮಮತೆ ಒಂದು. ಇಷ್ಟು ದಿನ ಕಷ್ಟಪಟ್ಟು ಗಳಿಸಿದ್ದು ಕೈತಪ್ಪೀತೆಂಬ ಹೆದರಿಕೆ ಇನ್ನೊಂದು. ಕೆಲಸದಲ್ಲಿ ತೊಡಗಿ ಬೇರೆಯದಕ್ಕೆ ಪುರುಸೊತ್ತಿಲ್ಲದಿರುವುದು, ನಿಯಮ ನ್ಯಾಯವಾದದ್ದು ಎಂಬ ನಂಬಿಕೆ. ನಿಮ್ಮ ಮಕ್ಕಳಿಗೆ ಎರಡೂವರೆ ಎಕರೆ ತೋಟವಿತ್ತು, ಬೆಳಿಗ್ಗೆ ಎಬ್ಬಿಸಿ ನೀರು ಬಿಡಲು ಕಳಿಸುವ ನೀವಿದ್ದಿರಿ. ಅವರಿಗೆ ಕಳೆದುಕೊಳ್ಳುವುದಕ್ಕೆ ಏನೋ ಇತ್ತು.

ಇದು ಆ ಹುಡುಗನ ತಪ್ಪನ್ನು ತೊಳೆಯುವುದಿಲ್ಲ. ಅವನು ಆಡಿದ "ಹದಿನೈದು ಎಕರೆ ಇದೆ, ಅವರಿಗೇನು" ಎಂಬ ಮಾತನ್ನು ಸೈಕ್ಸ್ ಮತ್ತು ಮಾಟ್ಜಾ ಎಂಬಿಬ್ಬರು 1957ರಲ್ಲೇ ಹಿಡಿದಿದ್ದರು. ತಪ್ಪು ಮಾಡುವವರಲ್ಲಿ ಹೆಚ್ಚಿನವರಿಗೆ ಅದು ತಪ್ಪೆಂದು ಗೊತ್ತಿರುತ್ತದೆ. ಆದ್ದರಿಂದಲೇ ಮನಸ್ಸಿನ ಬಾಯಿ ಮುಚ್ಚಿಸುವ ಒಂದು ಮಾತು ಅವರಿಗೆ ಬೇಕಾಗುತ್ತದೆ. ಯಾರಿಗೂ ನಷ್ಟವಾಗಿಲ್ಲ ಎಂಬುದು ಅಂಥ ಮಾತುಗಳಲ್ಲೊಂದು. ಅವನು ಎಕರೆ ಎಣಿಸಿದ, ಕಾಯಿ ಎಣಿಸಲಿಲ್ಲ. ನಿಮ್ಮ ಕಾಯಿ ಉದುರಿದ ಸಪ್ಪಳವನ್ನು ಅವನು ಒಮ್ಮೆ ಕೇಳಬೇಕಿತ್ತು ಎಂದು ನನಗೆ ಅನಿಸುತ್ತದೆ. ಹನ್ನೊಂದು ತಿಂಗಳಲ್ಲಿ ಯಾರೂ ಅದನ್ನು ಅವನ ಕಿವಿಗೆ ಹಾಕಿರಲಾರರು.

ಆಲಮೇಲದವನು, ಈಗ ಪುಣೆ

ಮಧ್ಯೆ ಬರುತ್ತಿದ್ದೇನೆ, ಕ್ಷಮಿಸಿ. ನಾನು ಏನನ್ನೂ ಕದ್ದಿಲ್ಲ, ನನ್ನ ಮನೆಯಲ್ಲಿ ಯಾರೂ ಠಾಣೆಯ ಮೆಟ್ಟಿಲು ಹತ್ತಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹುಡುಕುವಾಗ ಮಾಲೀಕರು ಊರು ಕೇಳಿದರು, ಹೇಳಿದೆ. "ಅಂದರೆ ಭೀಮಾತೀರವೇ?" ಎಂದರು. ಮರುದಿನ ಕೋಣೆ ಬೇರೆಯವರಿಗೆ ಹೋಗಿತ್ತು. ಕಾಲೇಜಿನಲ್ಲೂ ಇದೇ, ಪಿಸ್ತೂಲು ತಂದಿದ್ದೀಯಾ ಎಂದು ಕೇಳುತ್ತಿದ್ದರು. ಕೆಲವು ಮನೆತನಗಳ ಹಗೆತನ, ಕೆಲವು ಕೊಲೆಗಳು ನಿಜ. ಆದರೆ ಪತ್ರಿಕೆಗಳು "ಭೀಮಾತೀರದ ಹಂತಕರು" ಎಂದು ವರ್ಷಗಟ್ಟಲೆ ಬರೆದು ಇಡೀ ನದಿಗೇ ಹೆಸರಿಟ್ಟವು. ಜೋಳ ಬೆಳೆಯುವ ಲಕ್ಷಾಂತರ ಜನ ಆ ಹೆಸರಿನೊಳಗೆ ಸಿಕ್ಕಿಕೊಂಡರು. ಇನ್ನೂ ಕೆಟ್ಟದ್ದು ನಾನು ಕಣ್ಣಾರೆ ಕಂಡದ್ದು: ನನ್ನ ಜೊತೆ ಓದಿದ ಇಬ್ಬರು ಹುಡುಗರು ಆ ಹೆಸರನ್ನೇ ಬೈಕಿನ ಮೇಲೆ ಬರೆಸಿಕೊಂಡರು. ಜನ ಹೆದರುತ್ತಾರಲ್ಲ, ಅದೇ ಅವರಿಗೆ ಸಿಕ್ಕ ಗೌರವವಾಯಿತು. ಅವರಲ್ಲಿ ಒಬ್ಬನ ಮೇಲೆ ಈಗ ಪ್ರಕರಣವಿದೆ.

ಮಾಸ್ತರ, ಜಮಖಂಡಿ

ತಮ್ಮಾ, ನೀನು ಬರೆದದ್ದನ್ನು ನಾನು ಮೂವತ್ತೊಂದು ವರ್ಷ ಕರಿಹಲಗೆಯ ಮೇಲೆ ಬರೆದೆ, ಇಷ್ಟು ಸ್ಪಷ್ಟವಾಗಿ ಬರೆಯಲಿಲ್ಲ. ಎಡ್ವಿನ್ ಲೆಮರ್ಟ್ 1951ರಲ್ಲಿ ಎರಡು ಹೆಜ್ಜೆ ಬೇರೆಮಾಡಿದ. ಮೊದಲ ತಪ್ಪು ಯಾವ ಕಾರಣಕ್ಕೂ ಆಗಬಹುದು, ಅದರಿಂದ ಮನುಷ್ಯ ತನ್ನನ್ನು ಬೇರೆಯವನೆಂದು ತಿಳಿಯುವುದಿಲ್ಲ. ಜನ ಅವನಿಗೆ ಹಣೆಪಟ್ಟಿ ಕಟ್ಟಿ, ಅವನೂ ಅದನ್ನು ಒಪ್ಪಿಕೊಂಡು ಬದುಕತೊಡಗಿದಾಗ ಎರಡನೆಯ ಹೆಜ್ಜೆ. ಹೊವಾರ್ಡ್ ಬೆಕರ್ 1963ರಲ್ಲಿ ಇನ್ನೂ ಮುಂದೆ ಹೋದ. ಒಂದು ಕೆಲಸ ತಾನಾಗಿಯೇ ಅಪರಾಧವಲ್ಲ, ಯಾರೋ ನಿಯಮ ಮಾಡಿ, ಯಾರ ಮೇಲೋ ಅದನ್ನು ಹಾಕಿದಾಗ ಅದು ಅಪರಾಧವಾಗುತ್ತದೆ ಎಂದ. ಸವದತ್ತಿಯ ಕಡೆ ನೋಡಿ: ದೇವರಿಗೆ ಹೆಣ್ಣುಮಗುವನ್ನು ಬಿಡುವುದು ಒಂದು ಕಾಲಕ್ಕೆ ಹರಕೆ, 1934ರ ಮುಂಬಯಿ ಪ್ರಾಂತ್ಯದ ಕಾಯ್ದೆ, ಆಮೇಲೆ 1982ರ ಕರ್ನಾಟಕದ ಕಾಯ್ದೆ ಬಂದ ನಂತರ ಶಿಕ್ಷಾರ್ಹ ಅಪರಾಧ. ನಿಯಮ ಬದಲಾಗಲೇಬೇಕಿತ್ತು. ಆದರೆ ನಿಯಮ ಮನುಷ್ಯರು ಮಾಡುವಂಥದ್ದು ಎಂಬುದನ್ನೂ ಅದೇ ತೋರಿಸುತ್ತದೆ.

ತಂತಿಬೇಲಿಯ ಮೊಮ್ಮಗಳು, ಬೆಳಗಾವಿ

ನಾನು ವಕೀಲೆ. ಮಾಸ್ತರರು ಬೆಕರ್ ಹೆಸರು ಹೇಳಿದರು, ನನಗೆ ನನ್ನ ಅಜ್ಜನ ನೆನಪಾಯಿತು. ಅಜ್ಜ ಹುಟ್ಟಿದ್ದು ತಂತಿಬೇಲಿಯೊಳಗೆ.

1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮಾಡಿತು. ಮೊದಲು ಉತ್ತರ ಭಾರತಕ್ಕೆ, 1911ರಲ್ಲಿ ದೇಶಕ್ಕೆಲ್ಲ. ಕಳವು ಮಾಡಿದವನನ್ನು ಶಿಕ್ಷಿಸುವ ಕಾನೂನು ಅದಲ್ಲ. ಒಂದು ಜಾತಿಯಲ್ಲಿ ಹುಟ್ಟಿದ್ದೇ ಕಳವು ಎಂದು ಹೇಳುವ ಕಾನೂನು. ಲೊಂಬ್ರೋಸೊ ಬುರುಡೆಯ ಮಾತು ಬರೆಯುವ ಮೊದಲೇ ಇಲ್ಲಿ ಜಾತಿ ಅಳೆದು ಮುಗಿದಿತ್ತು. ಹೆಸರು ದಾಖಲೆಯಾಗಬೇಕು, ಠಾಣೆಯಲ್ಲೋ ಗೌಡರ ಮುಂದೆಯೋ ಹಾಜರಿ ಕೊಡಬೇಕು, ಊರು ಬಿಟ್ಟು ಹೋಗಲು ಪಾಸ್ ಬೇಕು. ಇಂಥವರನ್ನು ತಂತಿಬೇಲಿಯೊಳಗೆ ಇರಿಸುವ ವಸತಿಗೆ ಸೆಟ್ಲಮೆಂಟು ಎನ್ನುತ್ತಿದ್ದರು; ಮುಂಬಯಿ ಪ್ರಾಂತ್ಯದ ಮೊದಮೊದಲ ಸೆಟ್ಲಮೆಂಟುಗಳಲ್ಲಿ ಒಂದು ನಮ್ಮ ವಿಜಾಪುರದಲ್ಲೇ ಆಯಿತು. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ಅದರ ಹೊಣೆ ಹೊತ್ತಿದ್ದ. ಆಮೇಲೆ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಬಂದವು. ಬೇಲಿಯೊಳಗಿನವರನ್ನು ಹತ್ತಿ ಗಿರಣಿಗಳ ದುಡಿಮೆಗೆ ಕಳಿಸುತ್ತಿದ್ದರು. ಶಾಲೆ ಇತ್ತು, ಕೈಕೆಲಸ ಇತ್ತು, ಅದನ್ನು ಇಲ್ಲವೆನ್ನುವುದಿಲ್ಲ. ಸಂಜೆ ಹಾಜರಿಯೂ ಇತ್ತು. ಅಜ್ಜನಿಗೆ ಎಪ್ಪತ್ತು ದಾಟಿದ ಮೇಲೂ ಯಾರಾದರೂ ಗಟ್ಟಿಯಾಗಿ ಹೆಸರು ಕೂಗಿದರೆ ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದರು. ಮನೆಯಲ್ಲಿ ಮಕ್ಕಳು ಕೂಗಿದರೂ ಏಳುತ್ತಿದ್ದರು.

1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. ಬೇಲಿ ಹೋಯಿತು, ನಮಗೆ ವಿಮುಕ್ತರು ಎಂಬ ಹೆಸರು ಬಂತು. ಆದರೆ ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು, ಕರ್ನಾಟಕದಲ್ಲಿ 1961ರಲ್ಲಿ. ನಮ್ಮ ಸಮುದಾಯದ ಹೆಸರಿನಲ್ಲೇ "ಚೋರ" ಎಂಬ ಶಬ್ದ ಅಂಟಿಕೊಂಡಿದೆ. ಗಂಟಿಚೋರ ಎಂದು ಸರ್ಕಾರದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ, ನನ್ನ ಪ್ರಮಾಣಪತ್ರದಲ್ಲೂ ಅದೇ ಇದೆ. ವಕೀಲಿ ಪರೀಕ್ಷೆ ಪಾಸಾಗಿ ಸನ್ನದು ಪಡೆಯಲು ಆ ಕಾಗದವನ್ನು ಮೇಜಿನ ಮೇಲಿಟ್ಟಾಗ ಎದುರಿಗಿದ್ದವರು ಮೊದಲು ಕಾಗದ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಆ ನೋಟ ಇಂದಿಗೂ ನೆನಪಿದೆ. 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯ, ಜೈಲಿನ ಕೈಪಿಡಿಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು, ವಿಮುಕ್ತ ಸಮುದಾಯದವರನ್ನು ರೂಢಿಗತ ಅಪರಾಧಿಗಳೆಂದು ಕಾಣುವ ನಿಯಮಗಳನ್ನು ಅಸಾಂವಿಧಾನಿಕ ಎಂದಿತು. ಅಷ್ಟು ವರ್ಷ ಅವು ಅಲ್ಲೇ ಇದ್ದವು ಎಂಬುದನ್ನು ಗಮನಿಸಿ.

ಇನ್ನು ಆ ಹುಡುಗನ ವಿಷಯ. ಕಳವಿಗೆ ಹಳೆಯ ದಂಡಸಂಹಿತೆಯಲ್ಲಿ ಗರಿಷ್ಠ ಮೂರು ವರ್ಷ. ಮೊದಲ ಸಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ವಿಚಾರಣೆಯಲ್ಲೇ ಕಳೆದರೆ ಬಾಂಡ್ ಮೇಲೆ ಬಿಡಬೇಕೆಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಹೇಳುತ್ತದೆ, ಅಂದರೆ ಹನ್ನೆರಡು ತಿಂಗಳು. ಹಳೆಯ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆ ಎಂದು 2024ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಇದಕ್ಕೂ ಮೊದಲು, 1958ರಿಂದಲೇ ಪರಿವೀಕ್ಷಣಾ ಕಾಯ್ದೆ ಇದೆ. ಇಂಥ ಮೊದಲ ಕಳವಿಗೆ ಎಚ್ಚರಿಕೆ ಕೊಟ್ಟು ಬಿಡುವ ಅಧಿಕಾರ ನ್ಯಾಯಾಲಯಕ್ಕಿದೆ. ತಪ್ಪೊಪ್ಪಿಕೊಳ್ಳುವ ದಿನ ಯಾರಾದರೂ ಅವನ ಪರವಾಗಿ ಅದನ್ನು ಕೇಳಿದ್ದರೇ? ಕೇಳಿರಲಾರರು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಜನ ತೀರ್ಪು ಬರುವ ಮೊದಲೇ ಒಳಗಿದ್ದರು. ಆ ಹುಡುಗನನ್ನು ಒಳಗಿಟ್ಟದ್ದು ಕೇಬಲ್ಲಿಗಿಂತ ಹೆಚ್ಚಾಗಿ ಒಂದು ಉತಾರದ ಕೊರತೆ.

ನಿವೃತ್ತ ವಾರ್ಡರ್

ನಾನು ಇದ್ದ ಕಾರಾಗೃಹದ ಹೆಸರು ಬೇಡ. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಹೊಸ ಬಂದಿ ಮೊದಲ ರಾತ್ರಿ ನಿದ್ದೆ ಮಾಡುವುದಿಲ್ಲ. ಎರಡನೇ ವಾರಕ್ಕೆ ಬ್ಯಾರಕ್ಕಿನಲ್ಲಿ ಅವನಿಗೊಬ್ಬ ಗುರು ಸಿಗುತ್ತಾನೆ. ಸೋಪು, ಬೀಡಿ, ಒಂದು ಒಳ್ಳೆಯ ಜಾಗ ಆ ಗುರುವಿನಿಂದಲೇ. ಭೇಟಿಗೆ ಬರುವವರಿದ್ದರೆ ಹುಡುಗ ಆ ಗುರುವನ್ನು ಅಷ್ಟಾಗಿ ಹಚ್ಚಿಕೊಳ್ಳುವುದಿಲ್ಲ. ಯಾರೂ ಬರದಿದ್ದರೆ ಆರು ತಿಂಗಳಲ್ಲಿ ಅವನ ಮಾತು, ನಡಿಗೆ, ಕೂದಲು ಬಾಚುವ ರೀತಿ ಎಲ್ಲ ಆ ಗುರುವಿನದೇ ಆಗಿರುತ್ತದೆ. ಮಾಸ್ತರರು ಒಡನಾಟದಲ್ಲಿ ಕಲಿಯುತ್ತಾರೆ ಎಂದರಲ್ಲ, ಊಟ ಹಾಕಿ ಕಲಿಸುವ ಶಾಲೆಯನ್ನು ನಾನೇ ಕಾವಲು ಕಾದಿದ್ದೇನೆ.

ಬಿಡುಗಡೆಯ ದಿನದ ಒಂದು ಚಿತ್ರ ಹೇಳುತ್ತೇನೆ. ಗೇಟಿನ ಸಣ್ಣ ಬಾಗಿಲಿನಿಂದ ಬಗ್ಗಿ ಹೊರಗೆ ಬರುತ್ತಾರೆ. ಮನೆಯವರು ಬಂದಿದ್ದರೆ ಸರಸರನೆ ಹೋಗಿಬಿಡುತ್ತಾರೆ. ಯಾರೂ ಬಾರದವನು ಅಲ್ಲೇ ಗೋಡೆಗೆ ಒರಗಿ ನಿಲ್ಲುತ್ತಾನೆ. ಒಬ್ಬ ಹುಡುಗ ಮಧ್ಯಾಹ್ನ ಎರಡರಿಂದ ಸಂಜೆಯ ಎಣಿಕೆಯ ಹೊತ್ತಿನವರೆಗೆ ನಿಂತಿದ್ದ. ಏಕೆ ಹೋಗಲಿಲ್ಲ ಎಂದು ಕೇಳಿದೆ. "ಎಲ್ಲಿ ಇಳಿಯಬೇಕೆಂದು ತಿಳಿಯುತ್ತಿಲ್ಲ ಸಾಹೇಬರೇ" ಎಂದ. ಬಸ್ಸಿನ ಹಣ ಅವನ ಕೈಯಲ್ಲೇ ಇತ್ತು.

ಅಂಗಡಿಯವರೇ, ಆ ತಾಯಿ ಹನ್ನೊಂದು ತಿಂಗಳಲ್ಲಿ ಎಷ್ಟು ಸಲ ಭೇಟಿಗೆ ಹೋಗಿದ್ದಳು ಎಂದು ಕೇಳಿ. ನಾನು ಕೆಲಸ ಕೊಡುವವನಾದರೆ ಅದೊಂದನ್ನೇ ಕೇಳುತ್ತೇನೆ.

ಕಬ್ಬಿನ ಗಾಡಿ, ಮುಧೋಳ

ಎಲ್ಲರೂ ಕೇಬಲ್ ಕಳ್ಳನ ಮೇಲೆಯೇ ನಿಂತಿದ್ದೀರಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಬರಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಿ ಕೊಡಬೇಕು. ಒಂದು ವರ್ಷ ನನ್ನ ಹಣ ಏಳು ತಿಂಗಳು ತಡವಾಗಿ ಬಂತು. ಬಡ್ಡಿ ಬರಲೇ ಇಲ್ಲ. ಯಾವ ಕಾರ್ಖಾನೆ ಎಂದು ಬರೆಯುವುದಿಲ್ಲ. ಆ ಏಳು ತಿಂಗಳಲ್ಲಿ ನಾನು ಕೈಗಡ ತಂದದ್ದಕ್ಕೆ ಕಟ್ಟಿದ ಬಡ್ಡಿಯಲ್ಲಿ ಅಂಥ ಹತ್ತು ಕೇಬಲ್ ಬರುತ್ತಿದ್ದವು. ಇದಕ್ಕೆ ಕಳವು ಎನ್ನುವುದಿಲ್ಲ, ಬಾಕಿ ಎನ್ನುತ್ತಾರೆ. ಯಾರ ಹಣೆಗೂ ಪಟ್ಟಿ ಇಲ್ಲ, ಯಾರ ಕೈಗೂ ಕೋಳ ಇಲ್ಲ.

ಮಾಸ್ತರ, ಜಮಖಂಡಿ

ಸದರ್‌ಲ್ಯಾಂಡ್ 1939ರಲ್ಲಿ ಸಮಾಜಶಾಸ್ತ್ರಜ್ಞರ ಸಭೆಯೊಂದರಲ್ಲಿ ಇದನ್ನೇ ಹೇಳಿದ. ಬಿಳಿ ಅಂಗಿಯವರ ಅಪರಾಧ ಎಂಬ ಮಾತು ಹುಟ್ಟಿದ್ದು ಅಲ್ಲಿ. ಜೈಲಿನಲ್ಲಿರುವವರನ್ನು ಮಾತ್ರ ಎಣಿಸಿ ಅಪರಾಧಕ್ಕೆ ಬಡತನ ಕಾರಣ ಎನ್ನುವುದು ತಪ್ಪು ಲೆಕ್ಕ, ಜೈಲಿಗೆ ಬಾರದ ಅಪರಾಧ ಆ ಲೆಕ್ಕದಲ್ಲಿ ಸೇರುವುದೇ ಇಲ್ಲ ಎಂಬುದು ಅವನ ವಾದ. ನೀವು ಬರೆದದ್ದಕ್ಕೆ ನಾನು ಸೇರಿಸುವುದು ಏನೂ ಇಲ್ಲ.

ಬಾಗಲಕೋಟೆ ವಿದ್ಯಾರ್ಥಿನಿ

ಸರ್, ಹಾಗಾದರೆ ಶಿಕ್ಷೆಯೇ ಬೇಡವೇ? ಹಣೆಪಟ್ಟಿ ಕಟ್ಟಿದರೆ ಕೆಡುತ್ತಾರೆ, ಜೈಲಿಗೆ ಹಾಕಿದರೆ ಕಲಿಯುತ್ತಾರೆ. ಬಿಟ್ಟುಬಿಟ್ಟರೆ ಲಿಂಬೆ ತೋಟದ ಅಕ್ಕನವರಂಥವರಿಗೆ ಯಾರು ದಿಕ್ಕು?

ಮಾಸ್ತರ, ಜಮಖಂಡಿ

ಮಗಳೇ, ಬೇಡವೆಂದು ನಾನು ಹೇಳಲಾರೆ. ಫ್ರಾನ್ಸಿನ ಎಮಿಲ್ ಡರ್ಖೈಮ್ 1890ರ ದಶಕದಲ್ಲಿ ಹೇಳಿದ್ದು ಇಂದಿಗೂ ಕಠಿಣವಾದ ಮಾತು: ಅಪರಾಧವಿಲ್ಲದ ಸಮಾಜ ಇಲ್ಲ. ಬರೀ ಸಂತರೇ ಇರುವ ಮಠದಲ್ಲಿ ನಮ್ಮ ಕಣ್ಣಿಗೆ ಕಾಣದಷ್ಟು ಚಿಕ್ಕ ಲೋಪವೇ ದೊಡ್ಡ ಹಗರಣವಾಗುತ್ತದೆ. ಶಿಕ್ಷೆ ಇರುವುದು ಅಪರಾಧಿಯನ್ನು ತಿದ್ದುವುದಕ್ಕಿಂತ ಹೆಚ್ಚಾಗಿ ನೆಟ್ಟಗೆ ನಡೆಯುವವರಿಗಾಗಿ ಎಂದ. ಲಿಂಬೆ ತೋಟದ ತಾಯಿ ನಿಯಮ ಪಾಲಿಸಿ ಬದುಕಿದರಲ್ಲ, ಅವರು ಮೋಸಹೋಗಿಲ್ಲ, ನಿಯಮ ಇನ್ನೂ ಜೀವಂತವಾಗಿದೆ ಎಂದು ಊರು ಗಟ್ಟಿಯಾಗಿ ಹೇಳುವ ಬಗೆ ಅದು. ಆದ್ದರಿಂದ ಅವರ ಸಿಟ್ಟು ಸಮಾಜದ ಆಸ್ತಿ. ಅದನ್ನು ಸಮಾಧಾನದ ಮಾತಿನಿಂದ ಮುಚ್ಚಬಾರದು.

ಆದರೆ ಅದೇ ಡರ್ಖೈಮ್, ಇಂದಿನ ಅಪರಾಧ ನಾಳೆಯ ನೀತಿಯೂ ಆಗಬಹುದು ಎಂದು ಸಾಕ್ರೆಟಿಸನನ್ನು ತೋರಿಸಿದ. ನಮಗೆ ಸಾಕ್ರೆಟಿಸ್ ಬೇಕಿಲ್ಲ. ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆ ಮಾಡಿದ್ದಕ್ಕೆ ಇಬ್ಬರು ತಂದೆಯರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತೆಂದು ಶರಣ ಪರಂಪರೆ ಹೇಳುತ್ತದೆ. ಬಿಜ್ಜಳನ ಕಲ್ಯಾಣದಲ್ಲಿ ಅದು ಘೋರ ಅಪರಾಧ. ಇಂದು ಬಸವನ ಬಾಗೇವಾಡಿಯಿಂದ ಕೂಡಲಸಂಗಮದವರೆಗೆ ಅವರ ಹೆಸರಿನಲ್ಲಿ ಕೈ ಮುಗಿಯುತ್ತೇವೆ.

ತಂತಿಬೇಲಿಯ ಮೊಮ್ಮಗಳು, ಬೆಳಗಾವಿ

ಊರು ಗಟ್ಟಿಯಾಗಿ ಹೇಳುವ ಬಗೆ ಎಂದಿರಿ ಗುರುಗಳೇ. ಊರಿನ ಕೈಗೆ ಶಿಕ್ಷೆ ಸಿಕ್ಕಾಗ ಏನಾಗುತ್ತದೆ ಎಂಬುದನ್ನೂ ನಮ್ಮ ಜಿಲ್ಲೆ ಕಂಡಿದೆ. 2023ರ ಡಿಸೆಂಬರಿನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿಯಲ್ಲಿ, ಮಗ ಪ್ರೀತಿಸಿದ ಹುಡುಗಿಯೊಂದಿಗೆ ಹೋದನೆಂದು ತಾಯಿಯನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿದರು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಮಾಡಿದವರ ಜೊತೆಗೆ ನೋಡುತ್ತ ನಿಂತವರ ಹೊಣೆಯನ್ನೂ ಕೇಳಿತು. ಹಿಂದೆ ಊರಿಗೇ ಹಾಕುತ್ತಿದ್ದ ಪುಂಡುಗಂದಾಯದ ಮಾತನ್ನೂ ಎತ್ತಿತು. ಆ ರಾತ್ರಿ ಅಲ್ಲಿ ನಿಂತವರಿಗೆ ತಾವು ನಿಯಮ ಕಾಯುತ್ತಿದ್ದೇವೆ ಎಂದೇ ಅನಿಸಿರಬೇಕು. ಆದ್ದರಿಂದ ಶಿಕ್ಷೆ ಕಾನೂನಿನ ಕೈಯಲ್ಲೇ ಇರಲಿ, ಅಳತೆಯಲ್ಲಿರಲಿ, ಅದಕ್ಕೊಂದು ಕೊನೆಯ ದಿನಾಂಕವಿರಲಿ. ನನ್ನ ಅಜ್ಜನಿಗೆ ಇಲ್ಲದೇ ಹೋದದ್ದು ಆ ಕೊನೆಯ ದಿನಾಂಕ.

2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯಲ್ಲಿ, ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಮೊದಲ ಕಳವಿಗೆ, ಕದ್ದದ್ದನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ ಸಮುದಾಯ ಸೇವೆಯೇ ಶಿಕ್ಷೆ. ಚಿಕ್ಕ ಬಾಗಿಲು, ಆದರೂ ಬಾಗಿಲು.

ಮಾಸ್ತರ, ಜಮಖಂಡಿ

ವಕೀಲರ ಮಾತನ್ನು ಒಪ್ಪುತ್ತೇನೆ. ಆಸ್ಟ್ರೇಲಿಯದ ಜಾನ್ ಬ್ರೇತ್‌ವೇಟ್ 1989ರಲ್ಲಿ ನಾಚಿಕೆಯನ್ನೇ ಎರಡಾಗಿ ಬಿಡಿಸಿದ. "ನೀನು ಮಾಡಿದ್ದು ತಪ್ಪು, ನೀನು ನಮ್ಮವನು" ಎಂದು ನಾಚಿಸುವುದು ಒಂದು. "ನೀನೇ ತಪ್ಪು" ಎಂದು ಹೊರಗಟ್ಟುವುದು ಇನ್ನೊಂದು. ಮೊದಲನೆಯದರಲ್ಲಿ ಮರಳಿ ಬರುವ ದಾರಿ ಉಳಿದಿರುತ್ತದೆ. ಎರಡನೆಯದರಲ್ಲಿ ಆ ಬೈಕಿನ ಮೇಲೆ ಹೆಸರು ಬರೆಸಿಕೊಂಡ ಹುಡುಗರು ಹುಟ್ಟುತ್ತಾರೆ. ಅಂಗಡಿಯವರೇ, ಅವನಿಗೆ ಕೆಲಸ ಕೊಡಿ ಎಂದು ನಾನು ಹೇಳುತ್ತೇನೆ, ಆದರೆ ಅಂಗಡಿ ನಿಮ್ಮದು, ನಷ್ಟವಾದರೆ ಅದೂ ನಿಮ್ಮದೇ. ಅದನ್ನು ಮರೆತು ಈ ಮಾತು ಆಡುತ್ತಿಲ್ಲ.

ರಿವೈಂಡಿಂಗ್ ಅಂಗಡಿ, ಇಂಡಿ

ಒಂಬತ್ತು ದಿನದ ನಂತರ ಬರೆಯುತ್ತಿದ್ದೇನೆ.

ವಾರ್ಡರ್ ಸಾಹೇಬರು ಕೇಳಿದ್ದನ್ನು ಕೇಳಿದೆ. ಪ್ರತಿ ಹದಿನೈದು ದಿನಕ್ಕೊಮ್ಮೆ ಹೋಗಿದ್ದಾಳಂತೆ. ಹೋದ ದಿನದ ಕೂಲಿ ಬಿಟ್ಟು, ಬಸ್ಸಿನಲ್ಲಿ. ಒಂದು ಸಲ ಮಾತ್ರ ಜ್ವರವೆಂದು ತಪ್ಪಿತು ಎಂದಳು.

ಹುಡುಗನನ್ನು ಕರೆದು ಲಿಂಬೆ ತೋಟದ ಅಕ್ಕನವರು ಬರೆದದ್ದನ್ನು ಮೊಬೈಲಿನಲ್ಲಿ ಓದಿಸಿದೆ. ಜೋರಾಗಿ ಓದು ಎಂದೆ. ಕಾಯಿಯ ಸಪ್ಪಳದ ಸಾಲಿಗೆ ಬಂದಾಗ ನಿಲ್ಲಿಸಿದ. ಬಹಳ ಹೊತ್ತು ಏನೂ ಆಡಲಿಲ್ಲ. ಆಮೇಲೆ, "ನಾನು ಕದ್ದವರ ಹೊಲದಲ್ಲೂ ಗಿಡ ಇದ್ದವು ಕಾಕಾ, ಏನು ಗಿಡ ಎಂದು ನೋಡಲಿಲ್ಲ" ಎಂದ.

ಸೋಮವಾರದಿಂದ ಬರುತ್ತಿದ್ದಾನೆ. ಸದ್ಯಕ್ಕೆ ಸುತ್ತುವ ಕೆಲಸ ಕೊಟ್ಟಿಲ್ಲ. ಮೋಟಾರು ಬಿಚ್ಚುವುದು, ಬೇರಿಂಗ್ ತೊಳೆಯುವುದು, ಸ್ಲಾಟಿನ ಹಳೆಯ ಕಾಗದ ಕೆರೆದು ತೆಗೆಯುವುದು. ಅವನೇ ಒಂದು ಮಾತು ಕೇಳಿಕೊಂಡ: ಹಳೆಯ ತಾಮ್ರವನ್ನು ಗಿರಾಕಿಯ ಎದುರಿಗೇ ತೂಗಬೇಕು, ತೂಗುವವನು ತಾನಾಗಿರಬಾರದು. ಈಗ ತೂಕದ ಪುಸ್ತಕ ಇಟ್ಟಿದ್ದೇನೆ. ಮೋಟಾರಿನ ಎಚ್‌ಪಿ, ತೆಗೆದ ತಾಮ್ರ, ಗಿರಾಕಿಯ ಸಹಿ. ಹತ್ತೊಂಬತ್ತು ವರ್ಷ ನಾನು ಇದನ್ನು ಮಾಡಿರಲಿಲ್ಲ. ಆ ಇಬ್ಬರಲ್ಲಿ ಒಬ್ಬ ಗಿರಾಕಿ ಪುಸ್ತಕ ನೋಡಿ ಸುಮ್ಮನಾದರು. ಇನ್ನೊಬ್ಬರು ತಮ್ಮ ಮೋಟಾರನ್ನು ಬೇರೆ ಅಂಗಡಿಗೆ ಒಯ್ದರು. ಹಳೆಯ ಗಿರಾಕಿ, ಹನ್ನೆರಡು ವರ್ಷದವರು. ಹೋದದ್ದಕ್ಕೆ ನೋವಿದೆ.

ಆಲಮೇಲದವನು, ಈಗ ಪುಣೆ

ಅಣ್ಣನವರೇ, ಊರಿಗೆ ಬಂದಾಗ ನಿಮ್ಮ ಅಂಗಡಿಗೆ ಬರುತ್ತೇನೆ.

ಲಿಂಬೆ ತೋಟ

ಎಲ್ಲವನ್ನೂ ಓದಿದೆ. ನನ್ನ ಸಿಟ್ಟು ಹೋಗಿಲ್ಲ, ಹೋಗಬೇಕೆಂದು ಯಾರೂ ಹೇಳದಿದ್ದದ್ದು ಒಳ್ಳೆಯದಾಯಿತು.

ನಮ್ಮ ಏಳೂವರೆ ಎಚ್‌ಪಿ ಮೋಟಾರು ನಿನ್ನೆ ರಾತ್ರಿ ಸುಟ್ಟಿದೆ. ಗುರುವಾರ ಟಂಟಂನಲ್ಲಿ ಕಳಿಸುತ್ತೇನೆ, ಮಗ ಜೊತೆಗೆ ಬರುತ್ತಾನೆ. ಬಿಚ್ಚುವುದನ್ನು ಆ ಹುಡುಗ ಬಿಚ್ಚಲಿ. ಸುತ್ತುವುದು ಮಾತ್ರ ನಿಮ್ಮ ಕೈಯಿಂದಲೇ ಆಗಲಿ ಅಣ್ಣನವರೇ. ತಾಮ್ರ ತೂಗುವಾಗ ನನ್ನ ಮಗ ನಿಂತು ನೋಡಿ ಸಹಿ ಮಾಡುತ್ತಾನೆ.